ತಪ್ಪಾದಲ್ಲೇ ನಿಲ್ಲುವ ಪ್ರೋಗ್ರಾಂ

ಪ್ರೋಗ್ರಾಂ ನಡೆಯುವಾಗ ಒಂದು ಹೆಜ್ಜೆ ತಪ್ಪಿದರೆ ಮುಂದುವರಿಯಬೇಕೇ, ಅಲ್ಲಿಗೇ ನಿಲ್ಲಬೇಕೇ ಎಂಬುದನ್ನು ಅದನ್ನು ಬರೆಯುವವರು ಮೊದಲೇ ತೀರ್ಮಾನಿಸಿರಬೇಕು. ತಾನಾಗಿ ನಿಲ್ಲುತ್ತದೆ ಎಂದು ನಂಬಿ ಕೂರುವಂತಿಲ್ಲ.

ಲಿನಕ್ಸ್‌ನಲ್ಲಿ ಎರಡೇ ಸಾಲಿನ ಒಂದು ಶೆಲ್ ಸ್ಕ್ರಿಪ್ಟ್, ಅಂದರೆ ಆಜ್ಞೆಗಳನ್ನು ಓದಿ ನಡೆಸುವ ‘ಶೆಲ್’ ಎಂಬ ಪ್ರೋಗ್ರಾಂಗೆ ಬರೆದಿಟ್ಟ ಆಜ್ಞೆಗಳ ಪಟ್ಟಿ, ಇದೆ ಎನ್ನಿ. ಮೊದಲ ಸಾಲು ಫೋಟೋಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡುತ್ತದೆ, ಎರಡನೆಯದು ಮೂಲ ಫೋಟೋಗಳನ್ನು ಅಳಿಸುತ್ತದೆ. ಡಿಸ್ಕಿನಲ್ಲಿ ಜಾಗ ಸಾಲದೆ ಕಾಪಿ ಅರ್ಧಕ್ಕೇ ನಿಂತರೂ ಶೆಲ್ ಎರಡನೆಯ ಸಾಲಿಗೆ ಹೋಗಿಯೇ ಹೋಗುತ್ತದೆ. ಪರದೆಯ ಮೇಲೆ ಒಂದು ಸಾಲಿನ ದೂರು ಉಳಿಯುತ್ತದೆ, ಫೋಟೋ ಉಳಿಯುವುದಿಲ್ಲ.

ಇದನ್ನು ತಡೆಯುವ ದಾರಿ ವ್ಯವಸ್ಥೆಯಲ್ಲೇ ಇದೆ. ಪ್ರತಿ ಪ್ರೋಗ್ರಾಂ ಮುಗಿಯುವಾಗ ಒಂದು ಸಂಖ್ಯೆ ಒಪ್ಪಿಸಿ ಹೋಗುತ್ತದೆ: 0 ಎಂದರೆ ಕೆಲಸ ಆಯಿತು, 1ರಿಂದ 255ರವರೆಗಿನದು ಸಾಮಾನ್ಯವಾಗಿ ಏನೋ ಕೆಟ್ಟಿತು ಎಂದು. ಅಂಥ ಹೆಸರಿನ ಆಜ್ಞೆಯೇ ಸಿಗದಿದ್ದರೆ ಶೆಲ್ ಕೊಡುವುದು 127. ಸ್ಕ್ರಿಪ್ಟಿನ ತಲೆಗೆ ‘ಸೆಟ್ -ಇ’ ಎಂದು ಬರೆದರೆ ಸೊನ್ನೆಯಲ್ಲದ್ದು ಬಂದಲ್ಲೇ ಕೆಲಸ ನಿಲ್ಲುತ್ತದೆ. ಆದರೂ ಅದನ್ನು ಪೂರ್ತಿ ನೆಚ್ಚಿಕೊಳ್ಳುವಂತಿಲ್ಲ. ಪೈಪ್‌ನಿಂದ ಒಂದರ ಫಲಿತ ಇನ್ನೊಂದಕ್ಕೆ ಹೋಗುವಂತೆ ಜೋಡಿಸಿದ ಆಜ್ಞೆಗಳಲ್ಲಿ ಕೊನೆಯದು ಗೆದ್ದರೆ ಸಾಕು, ಮೊದಲಿನವು ಸೋತದ್ದು ಮುಚ್ಚಿಹೋಗುತ್ತದೆ. ಬ್ಯಾಷ್ ಶೆಲ್‌ನಲ್ಲಿ ‘ಪೈಪ್‌ಫೇಲ್’ ಆಯ್ಕೆಯನ್ನೂ ಹಾಕಿದರೆ ಆ ಕಿಂಡಿ ಮುಚ್ಚುತ್ತದೆ.

ನಿಲ್ಲುವುದಕ್ಕೂ ಕ್ರಮ ಬೇಕು: ಅರ್ಧ ಬರೆದ ಫೈಲನ್ನು ತೆಗೆದುಹಾಕಬೇಕು, ಡೇಟಾಬೇಸಿನಲ್ಲಿ ಅರ್ಧ ನಡೆದ ವಹಿವಾಟನ್ನು ಹಿಂದಕ್ಕೆ ಮರಳಿಸಬೇಕು, ಯಾವ ಫೈಲು, ಯಾವ ಕಾರಣ ಎಂದು ಹೇಳಬೇಕು. ‘ಏನೋ ತೊಂದರೆಯಾಗಿದೆ’ ಎಂಬ ಸಂದೇಶದಿಂದ ಯಾರಿಗೂ ಉಪಯೋಗವಿಲ್ಲ.

ನಿಲ್ಲುವುದೇ ಅನಾಹುತವಾಗುವ ಜಾಗಗಳೂ ಇವೆ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂವಿನಿಂದ ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಬಾರಿಗೆ ಮೇಲೇರಿತು. ದಿಕ್ಕು ತಿಳಿಸುವ ಕಂಪ್ಯೂಟರು 64 ಬಿಟ್‌ಗಳ ಒಂದು ದಶಮಾಂಶ ಸಂಖ್ಯೆಯನ್ನು 16 ಬಿಟ್‌ಗಳ ಪೂರ್ಣಾಂಕಕ್ಕೆ ಇಳಿಸಲು ಹೋಯಿತು. ಆ ಜಾಗದಲ್ಲಿ ಹಿಡಿಸುವುದು 32,767ರವರೆಗೆ ಮಾತ್ರ, ಬಂದದ್ದು ಅದಕ್ಕಿಂತ ದೊಡ್ಡದು. ದೋಷ ಕಂಡರೆ ಕಂಪ್ಯೂಟರನ್ನು ಆರಿಸಿಬಿಡು, ಜೊತೆಗಿರುವ ಇನ್ನೊಂದು ಕಂಪ್ಯೂಟರು ನೋಡಿಕೊಳ್ಳುತ್ತದೆ ಎಂಬುದು ವಿನ್ಯಾಸಕಾರರ ಲೆಕ್ಕ. ಯಂತ್ರಭಾಗ ಕೆಟ್ಟಿದ್ದರೆ ಆ ಲೆಕ್ಕ ಸರಿಯೇ. ಇಲ್ಲಿ ಕೆಟ್ಟಿದ್ದು ಸಾಫ್ಟ್‌ವೇರ್. ಎರಡರಲ್ಲೂ ಇದ್ದದ್ದು ಅದೇ. ಎರಡೂ ಆರಿದವು. ಹಾರಾಟ ಶುರುವಾದ ಸುಮಾರು 40 ಸೆಕೆಂಡಿನಲ್ಲಿ ರಾಕೆಟ್ ಛಿದ್ರವಾಯಿತು. ಏರಿಯಾನ್ 4ರಿಂದ ಹಾಗೆಯೇ ಎತ್ತಿ ತಂದಿದ್ದ ಆ ಲೆಕ್ಕಾಚಾರಕ್ಕೆ, ಹೊಸ ರಾಕೆಟ್ ನೆಲ ಬಿಟ್ಟ ಮೇಲೆ ಯಾವ ಕೆಲಸವೂ ಇರಲಿಲ್ಲ.