ದಾಳಿಂಬೆಯ ‘ತೇಲ್ಯಾ’: ಗಿಡದೊಳಗೆ ರೋಗ ಹೊಗುವ ಬಗೆ

ಪುಣೆಯ ನಿಗಡಿಯಲ್ಲಿ ಹಣ್ಣಿನ ಗಾಡಿಗಳ ಮುಂದೆ ನಿಂತರೆ ಒಂದೇ ಹಣ್ಣಿಗೆ ಮೂರು ಹೆಸರು ಕೇಳುತ್ತೀರಿ. ನಮ್ಮ ಮನೆಗಳಲ್ಲಿ ಅದು ಅನಾರ್, ಕನ್ನಡದಲ್ಲಿ ದಾಳಿಂಬೆ, ಮಾರುವವರ ಮರಾಠಿಯಲ್ಲಿ ಡಾಳಿಂಬ. ಸೋಲಾಪುರ, ನಾಶಿಕ್, ಸಾಂಗಲಿ ಇದರ ದೊಡ್ಡ ಸೀಮೆ. ಗಡಿಯ ಈಚೆ ವಿಜಯಪುರ, ಬಾಗಲಕೋಟೆ, ಕೊಪ್ಪಳ, ಚಿತ್ರದುರ್ಗದಲ್ಲೂ ಬೆಳೆಯುತ್ತಾರೆ. ಸಿಪ್ಪೆ ಮೇಲೆ ಕಪ್ಪು ಕಲೆ, ನಡುವೆ ಸೀಳು ಇರುವ ಹಣ್ಣನ್ನು ನಾವು ಬದಿಗಿಡುತ್ತೇವೆ. ರೈತನಿಗೆ ಮಾತ್ರ ಆ ಕಲೆ ಎಂದರೆ ವರ್ಷದ ದುಡಿಮೆಯೇ ಹೋದಂತೆ.

ಇದು ದುಂಡಾಣು ಅಂಗಮಾರಿ ರೋಗ. ಎಲೆ ಮೇಲೆ ಮೊದಲು ಎಣ್ಣೆ ಹನಿ ಬಿದ್ದಂಥ ಚುಕ್ಕೆ ಮೂಡುವುದರಿಂದ ಮಹಾರಾಷ್ಟ್ರದಲ್ಲಿ ‘ತೇಲ್ಯಾ’ ಅನ್ನುತ್ತಾರೆ. ಕಾರಣ ಕ್ಸಾಂಥೊಮೊನಾಸ್ ಎಂಬ ಬ್ಯಾಕ್ಟೀರಿಯಾ. ಭಾರತದಲ್ಲಿ ಇದು ಮೊದಲು ವರದಿಯಾದದ್ದು 1952ರಲ್ಲಿ, ದೆಹಲಿಯಿಂದ. ಈ ಶತಮಾನದ ಮೊದಲ ವರ್ಷಗಳಲ್ಲಿ ಮಹಾರಾಷ್ಟ್ರ, ಕರ್ನಾಟಕ, ಆಂಧ್ರದ ತೋಟಗಳಲ್ಲಿ ಜೋರಾಗಿ ಹಬ್ಬಿತು. 2005ರಲ್ಲಿ ಸೋಲಾಪುರದಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಶುರುವಾಯಿತು.

ಈಗ ಅಸಲು ಪ್ರಶ್ನೆ: ಕಣ್ಣಿಗೆ ಕಾಣದ ಜೀವಿ ಗಿಡದೊಳಗೆ ಹೋಗೋದು ಹೇಗೆ? ಕೆಲವು ಶಿಲೀಂಧ್ರಗಳು ಎಲೆಯ ಚರ್ಮವನ್ನು ತಾವೇ ಚುಚ್ಚಿ ಒಳಗೆ ನುಗ್ಗುತ್ತವೆ. ಬ್ಯಾಕ್ಟೀರಿಯಾಕ್ಕೆ ಆ ತಾಕತ್ತಿಲ್ಲ, ತೆರೆದ ಬಾಗಿಲೇ ಬೇಕು. ಎಲೆಯಲ್ಲಿ ಉಸಿರಾಟದ ಸಣ್ಣ ತೂತುಗಳಿವೆ, ಅವೇ ಪತ್ರರಂಧ್ರಗಳು. ಮಳೆಯಿಂದ ಎಲೆ ಒದ್ದೆಯಾದಾಗ ಬ್ಯಾಕ್ಟೀರಿಯಾ ಬಾಲದಂಥ ಎಳೆಯನ್ನು ಆಡಿಸುತ್ತಾ ಈಜಿ ಅಲ್ಲಿಗೆ ತಲುಪುತ್ತದೆ. ಕತ್ತರಿ ತಾಗಿದ ಗಾಯ, ಹುಳು ಕಚ್ಚಿದ ಜಾಗವೂ ಬಾಗಿಲೇ.

ಗಿಡ ಸುಮ್ಮನೆ ಕೂರುವುದಿಲ್ಲ. ನಮ್ಮ ಹಾಗೆ ರಕ್ತ, ಬಿಳಿ ರಕ್ತಕಣ ಅದಕ್ಕಿಲ್ಲ, ಆದರೆ ಪ್ರತಿ ಜೀವಕೋಶವೂ ಕಾವಲುಗಾರ. ಶತ್ರುವಿನ ಸುಳಿವು ಸಿಕ್ಕರೆ ರಂಧ್ರ ಮುಚ್ಚಿಕೊಳ್ಳುತ್ತದೆ. ಕೆಲವೊಮ್ಮೆ ಸೋಂಕು ತಗುಲಿದ ಕೋಶ ತಾನೇ ಸತ್ತು ರೋಗ ಮುಂದೆ ಹೋಗದಂತೆ ತಡೆಯುತ್ತದೆ. ಬ್ಯಾಕ್ಟೀರಿಯಾ ಇದಕ್ಕೂ ಉಪಾಯ ಮಾಡಿಕೊಂಡಿದೆ. ಸೂಜಿಯಂಥ ಅಂಗದಿಂದ ಕೆಲವು ಪ್ರೋಟೀನುಗಳನ್ನು ಕೋಶದೊಳಗೆ ಚುಚ್ಚಿ ಕಾವಲನ್ನೇ ಮಂಕುಮಾಡುತ್ತದೆ. ಆಮೇಲೆ ಕೋಶಗಳ ಸಂದಿಯಲ್ಲಿ ಲಕ್ಷಗಟ್ಟಲೆ ಬೆಳೆಯುತ್ತದೆ. ಎಣ್ಣೆಚುಕ್ಕೆ ಕಂದಾಗುತ್ತದೆ, ಕಾಂಡದ ಗಿಣ್ಣು ಕಪ್ಪಾಗಿ ಕೊಂಬೆ ಮುರಿಯುತ್ತದೆ, ಕಾಯಿ ಸೀಳುತ್ತದೆ.

ರೋಗ ಬರಲು ಮೂರು ಕೂಡಬೇಕು: ರೋಗಾಣು, ಸೋಲುವ ಗಿಡ, ಅನುಕೂಲದ ಹವೆ. ಒಂದನ್ನು ತಪ್ಪಿಸಿದರೂ ಸರಪಳಿ ಕಡಿಯುತ್ತದೆ. ಆದ್ದರಿಂದಲೇ ರೋಗವಿಲ್ಲದ ತೋಟದ ಸಸಿ ತರಬೇಕು, ಒಂದು ಗಿಡ ಸವರಿದ ಕತ್ತರಿಯನ್ನು ಸೋಂಕುನಾಶಕದಲ್ಲಿ ಅದ್ದದೆ ಇನ್ನೊಂದಕ್ಕೆ ಹಾಕಬಾರದು, ಉದುರಿದ ಎಲೆ-ಕಾಯಿ ಆರಿಸಿ ಸುಡಬೇಕು. ಮುಂಗಾರಿನ ಫಸಲು ಬಿಟ್ಟು ಮಳೆ ಕಡಿಮೆಯಾದ ಮೇಲೆ ಹೂ ಬಿಡಿಸುವ ‘ಹಸ್ತ ಬಹಾರ್’ ಹಿಡಿಯುವುದೂ ಇದೇ ಲೆಕ್ಕ. ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊರಗಿನ ರೋಗಾಣು ಕೊಲ್ಲುತ್ತದೆ, ಒಳಹೊಕ್ಕದ್ದನ್ನಲ್ಲ.

ಇನ್ನೊಂದು ಮಾತು ನಮಗೆಲ್ಲ ಸೇರಿದ್ದು. ಈ ಬ್ಯಾಕ್ಟೀರಿಯಾ ಮನುಷ್ಯರಿಗೆ ರೋಗ ತರುವುದಿಲ್ಲ. ಆದರೆ ಅದನ್ನು ಕೊಲ್ಲಲು ಸ್ಟ್ರೆಪ್ಟೊಮೈಸಿನ್ ಸಿಂಪಡಿಸುವ ರೂಢಿ ಬೆಳೆದಿತ್ತು. ಇದು ಕ್ಷಯರೋಗಕ್ಕೂ ಬಳಸುವ ಔಷಧ. ಮತ್ತೆ ಮತ್ತೆ ಸಿಂಪಡಿಸಿದರೆ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾಗಳೇ ಉಳಿದು ಬೆಳೆಯುತ್ತವೆ, ಆ ಗುಣವನ್ನು ಬೇರೆ ಬ್ಯಾಕ್ಟೀರಿಯಾಗಳಿಗೂ ದಾಟಿಸಬಲ್ಲವು. ಕಲೆಯೇ ಇಲ್ಲದ ಹಣ್ಣು ಬೇಕು ಅಂತ ಹಟ ಹಿಡಿಯುವ ನಾವೂ ಇದನ್ನು ಯೋಚಿಸಬೇಕು.

ವಿದ್ಯಾರ್ಥಿಗಳೇ, ಎಣ್ಣೆಚುಕ್ಕೆಯ ಎಲೆ ಸಿಕ್ಕರೆ ಚುಕ್ಕೆಯ ಅಂಚನ್ನು ಕತ್ತರಿಸಿ, ಒಂದು ಹನಿ ನೀರಿನಲ್ಲಿಟ್ಟು ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿ. ಅಂಚಿನಿಂದ ಹೊಗೆಯಂತೆ ಹರಿದು ಬರುತ್ತದಲ್ಲ, ಅದೇ ಬ್ಯಾಕ್ಟೀರಿಯಾದ ದಂಡು.