ಗುಡ್ಡ ಜರಿಯುವ ಮೊದಲು ಆಗಬೇಕಾದ ಕೆಲಸ

ತಪ್ಪು ಕಲ್ಪನೆ: ವಿಪತ್ತು ನಿರ್ವಹಣೆ ಎಂದರೆ ಕಾಳಜಿ ಕೇಂದ್ರ ತೆರೆದು ಪರಿಹಾರದ ಹಣ ಹಂಚುವುದು.

ವಾಸ್ತವ: ಅದು ಕೊನೆಯ ಹಂತ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ರಾಜ್ಯ ಪ್ರಾಧಿಕಾರಕ್ಕೆ ಮುಖ್ಯಮಂತ್ರಿ, ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ಅಪಾಯ ಎಲ್ಲಿದೆ, ಅದನ್ನು ತಗ್ಗಿಸುವುದು ಹೇಗೆ ಎಂಬ ಯೋಜನೆ ಮಾಡಿ ಕಾಲಕಾಲಕ್ಕೆ ಪರಿಷ್ಕರಿಸಬೇಕು. 15ನೇ ಹಣಕಾಸು ಆಯೋಗವು 2021–26ರ ಅವಧಿಗೆ ರಾಜ್ಯದ ವಿಪತ್ತು ನಿಧಿಯಲ್ಲಿ ಶೇ 20ರಷ್ಟನ್ನು ಹಾನಿ ಆಗುವ ಮೊದಲೇ ತಡೆಯುವ ಕೆಲಸಕ್ಕೆಂದು ಬೇರೆ ಇಟ್ಟಿತು. ಪರಿಹಾರ ಎಷ್ಟು ಬಂತೆಂದು ವಿಚಾರಿಸುವ ನಾವು, ಆ ಪಾಲು ಎಲ್ಲಿ ಖರ್ಚಾಯಿತೆಂದೂ ವಿಚಾರಿಸಬೇಕು.

ತಪ್ಪು ಕಲ್ಪನೆ: ಗುಡ್ಡ ಕುಸಿಯುವುದು ಮಳೆಯಿಂದ. ಅದಕ್ಕೆ ಸರ್ಕಾರವಾದರೂ ಏನು ಮಾಡೀತು?

ವಾಸ್ತವ: ಮಲೆನಾಡಿನಲ್ಲಿ ಮಳೆ ಹೊಸದಲ್ಲ, ಬುಡ ಕಡಿದ ಗುಡ್ಡ ಹೊಸದು. ರಸ್ತೆಗೋ ಮನೆಗೋ ಇಳಿಜಾರನ್ನು ನೆಟ್ಟಗೆ ಕತ್ತರಿಸಿದರೆ ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ. ನೀರು ಹರಿಯುವ ತೋಡು ಮುಚ್ಚಿದರೆ ಆ ನೀರು ಒಳಗೇ ಇಂಗಿ ಮಣ್ಣಿನ ಭಾರ ಹೆಚ್ಚಿಸುತ್ತದೆ, ಹಿಡಿತ ಸಡಿಲಿಸುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದಾಗ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯೂ ಇಳಿಜಾರುಗಳನ್ನು ಕಡಿದದ್ದನ್ನು ಕಾರಣವಾಗಿ ಗುರುತಿಸಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಕುಸಿದದ್ದು ಹೆದ್ದಾರಿ 66ರ ಪಕ್ಕದ ಗುಡ್ಡ. ಗಂಗಾವಳಿ ನದಿಗೆ ಬಿದ್ದ ಮಣ್ಣಿನ ರಭಸಕ್ಕೆ ನೀರು ಉಕ್ಕಿ, ಆಚೆ ದಡದ ಉಳುವರೆಯ ಮನೆಗಳೂ ಹಾಳಾದವು. ಗುಡ್ಡದಿಂದ ನದಿಯಷ್ಟು ದೂರವಿದ್ದವರಿಗೂ ರಕ್ಷಣೆ ಇರಲಿಲ್ಲ. ಎಲ್ಲಿ ಗುಡ್ಡ ಅಗೆಯಬಹುದು, ಎಲ್ಲಿ ಹೋಂಸ್ಟೇ ಕಟ್ಟಬಹುದು ಎಂದು ಅನುಮತಿ ಕೊಡುವವರು ಮನುಷ್ಯರೇ. ಆ ಒಂದು ಸಹಿ ಹಾಕುವ ಮುನ್ನ ಭೂಕುಸಿತದ ನಕ್ಷೆ ನೋಡುವುದು ಕಡ್ಡಾಯವಾಗಲಿ. ನನ್ನ ಮಟ್ಟಿಗೆ ಇಡೀ ಯೋಜನೆಯ ಜೀವ ಇರುವುದು ಇಲ್ಲಿಯೇ.

ತಪ್ಪು ಕಲ್ಪನೆ: ನಮ್ಮಲ್ಲಿ ಮುನ್ಸೂಚನೆ ಕೊಡುವ ವ್ಯವಸ್ಥೆಯೇ ಇಲ್ಲ.

ವಾಸ್ತವ: ಇದೆ. 1988ರಲ್ಲಿ ಬರ ಗಮನಿಸುವ ಘಟಕವಾಗಿ ಆರಂಭವಾದದ್ದೇ ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿ ಮಟ್ಟದವರೆಗೂ ಅದರ ಮಳೆಮಾಪಕಗಳಿವೆ. ರೈತರಿಗೆ ‘ವರುಣಮಿತ್ರ’ ಸಹಾಯವಾಣಿ, ಮಿಂಚಿನ ಎಚ್ಚರಿಕೆಗೆ ‘ಸಿಡಿಲು’ ಆ್ಯಪ್ ಇವೆ. ಆದರೆ ಮುಂಗಾರಿಗೂ ಮುಂಚಿನ ಗುಡುಗು ಮಳೆಯಲ್ಲಿ ಸಾಯುವವರು ಹೆಚ್ಚಾಗಿ ಹೊಲದಲ್ಲಿರುವವರು, ಕುರಿ ಕಾಯುವವರು. ಸ್ಮಾರ್ಟ್‌ಫೋನ್ ಇಲ್ಲದವರ ಕಿವಿಗೂ ಎಚ್ಚರಿಕೆ ಬೀಳಬೇಕಾದರೆ ಊರಿನ ಧ್ವನಿವರ್ಧಕವೂ ಬೇಕು.

ತಪ್ಪು ಕಲ್ಪನೆ: ಬರದ ಸೀಮೆಗೆ ನೆರೆ ಬರದು, ಬಂದರೂ ಊರನ್ನೇ ಸ್ಥಳಾಂತರಿಸಿದರಾಯಿತು.

ವಾಸ್ತವ: 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಮುಳುಗಿದ್ದು ರಾಯಚೂರು, ವಿಜಯಪುರ, ಬಾಗಲಕೋಟೆಯಂಥ ಬರದ ಜಿಲ್ಲೆಗಳೇ. ಆಮೇಲೆ ‘ಆಸರೆ’ ಯೋಜನೆಯಲ್ಲಿ ಎತ್ತರದ ಜಾಗದಲ್ಲಿ ಮನೆಗಳೆದ್ದವು, ಆದರೆ ಹಲವೆಡೆ ಅವು ಖಾಲಿ ಉಳಿದವು. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಬಣವೆ ಒಟ್ಟಲು ಹಿತ್ತಲಿಲ್ಲ ಎಂದರೆ ರೈತ ಹಳೆಯ ಊರಿಗೇ ಮರಳುತ್ತಾನೆ. ಜಾಗ ಗುರುತಿಸುವ ಮೊದಲೇ ಗ್ರಾಮಸಭೆಯಲ್ಲಿ ಈ ಮಾತು ಕೇಳಿಸಿಕೊಳ್ಳುವುದೂ ಯೋಜನೆಯ ಭಾಗವೇ.