ಬೈಪಾಸ್ ಸಕ್ಸಸ್ ಆಯ್ತು, ದೊಡ್ಡಪ್ಪನಿಗೆ ಏನಾಯ್ತು?

ಬೈಪಾಸ್ ಆದ ಮೂರನೇ ರಾತ್ರಿ ಐಸಿಯುನಿಂದ ಫೋನ್. ದೊಡ್ಡಪ್ಪ ಡ್ರಿಪ್ ಕಿತ್ತುಹಾಕುತ್ತಿದ್ದಾರಂತೆ. ಹೋಗಿ ನೋಡಿದರೆ ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. 72 ವರ್ಷದ ಅವರು ನನ್ನನ್ನು ಬಸ್ ಕಂಡಕ್ಟರ್ ಅಂದುಕೊಂಡು ಚಿಲ್ಲರೆ ಕೇಳಿದರು. 'ವಯಸ್ಸಾಯ್ತಲ್ಲ, ಅರಳುಮರಳು' ಅಂತ ಮನೆಯವರೆಲ್ಲ ಒಪ್ಪಿಕೊಂಡುಬಿಟ್ಟೆವು. ಅವರ ಕನ್ನಡಕ, ಹಿಯರಿಂಗ್ ಏಡ್ ಎರಡೂ ನಮ್ಮ ಬ್ಯಾಗಿನಲ್ಲೇ ಇದ್ದವು. ಆಪರೇಷನ್‌ಗೆ ಮುಂಚೆ ನಮ್ಮ ಕೈಗೆ ಕೊಟ್ಟಿದ್ದನ್ನು ಯಾರೂ ವಾಪಸ್ ಕೇಳಲಿಲ್ಲ, ಕೊಡಬೇಕು ಅಂತ ನಮಗೂ ಹೊಳೆಯಲಿಲ್ಲ.

ಇದು ಅರಳುಮರಳಲ್ಲ, ಡೆಲಿರಿಯಮ್. ಅರಳುಮರಳು ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ. ಡೆಲಿರಿಯಮ್ ದಿಢೀರ್ ಬರುತ್ತದೆ, ಬೆಳಿಗ್ಗೆ ಸರಿಯಿದ್ದವರು ಸಂಜೆಗೆ ಗೊಂದಲಕ್ಕೆ ಬೀಳುತ್ತಾರೆ. ಗಲಾಟೆ ಮಾಡುವವರಾದರೂ ಕಣ್ಣಿಗೆ ಬೀಳುತ್ತಾರೆ. ಮಂಕಾಗಿ ಸುಮ್ಮನೆ ಮಲಗಿದವರನ್ನು 'ರೆಸ್ಟ್ ಮಾಡ್ತಿದ್ದಾರೆ' ಅಂದುಕೊಂಡು ಬಿಡುತ್ತೇವೆ.

ಇಂಜಿನಿಯರಿಂಗ್ ಓದಿದ ನನಗೆ ಮೊದಲ ಅನುಮಾನ ಬಂದದ್ದು ಮಷೀನ್ ಮೇಲೆ. ಆಪರೇಷನ್ ವೇಳೆ ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಪಂಪ್ ಅದು. ಡಾಕ್ಟರುಗಳಿಗೂ ಇದೇ ಅನುಮಾನವಿತ್ತು, 'ಪಂಪ್ ಹೆಡ್' ಅನ್ನುವ ಅಡ್ಡಹೆಸರೇ ಹುಟ್ಟಿಕೊಂಡಿತ್ತು. 2001ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಬೈಪಾಸ್ ಆದ 261 ಜನರನ್ನು ಪರೀಕ್ಷಿಸಿ ಪ್ರಕಟಿಸಿದ ಲೆಕ್ಕ ಹೀಗಿದೆ: ಡಿಸ್ಚಾರ್ಜ್ ಹೊತ್ತಿಗೆ ಶೇ.53 ಮಂದಿಯ ಯೋಚನಾಶಕ್ತಿ ಕುಗ್ಗಿತ್ತು, ಆರು ತಿಂಗಳಿಗೆ ಅದು ಶೇ.24ಕ್ಕೆ ಇಳಿಯಿತು, ಐದು ವರ್ಷಕ್ಕೆ ಮತ್ತೆ ಶೇ.42. ಆದರೆ ಪಂಪ್ ಬಳಸದೆ ಬೈಪಾಸ್ ಮಾಡಿ ನೋಡಿದಾಗಲೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆಪರೇಷನ್ನೇ ಆಗದ ಹೃದ್ರೋಗಿಗಳಲ್ಲೂ ವರ್ಷಗಳು ಕಳೆದಂತೆ ಹೆಚ್ಚುಕಡಿಮೆ ಅಷ್ಟೇ ಕುಸಿತ. ಅಂದರೆ ದೀರ್ಘಕಾಲದ ಮರೆವಿಗೆ ಬಿಪಿ, ಶುಗರ್, ಹಳೆಯ ರಕ್ತನಾಳಗಳ ಪಾಲು ದೊಡ್ಡದು. ಪಂಪ್ ಒಂದನ್ನೇ ಬೈದು ಪ್ರಯೋಜನವಿಲ್ಲ.

ಹಾಗಂತ ಆ ನಾಲ್ಕು ದಿನದ ಗೊಂದಲವನ್ನು 'ತಾನಾಗೇ ಹೋಗುತ್ತೆ' ಅಂತ ಬಿಡುವಂತಿಲ್ಲ. 2012ರ ಇನ್ನೊಂದು ಅಧ್ಯಯನದಲ್ಲಿ ಹೃದಯದ ಆಪರೇಷನ್ ಆದ 60 ದಾಟಿದ 225 ಜನರ ಪೈಕಿ ಶೇ.46 ಮಂದಿಗೆ ಡೆಲಿರಿಯಮ್ ಬಂದಿತ್ತು. ಆರು ತಿಂಗಳಾದರೂ ಮೊದಲಿನ ಮಟ್ಟಕ್ಕೆ ಬಾರದವರು ಅವರಲ್ಲಿ ಶೇ.40, ಉಳಿದವರಲ್ಲಿ ಶೇ.24.

ಇದನ್ನು ತಡೆಯಲು ಖಚಿತವಾದ ಮಾತ್ರೆಯಿಲ್ಲ. ಯೇಲ್‌ನಲ್ಲಿ 70 ದಾಟಿದ 852 ರೋಗಿಗಳ ಮೇಲೆ ನಡೆದ, 1999ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಡೆಲಿರಿಯಮ್ ಶೇ.15ರಿಂದ ಶೇ.9.9ಕ್ಕೆ ಇಳಿಯಿತು. ಅವರು ಆಪರೇಷನ್ ಆದವರಲ್ಲ, ಸಾಮಾನ್ಯ ವಾರ್ಡಿನವರು. ಮಾಡಿದ್ದಾದರೂ ಏನು? ಕನ್ನಡಕ, ಕಿವಿಯ ಯಂತ್ರ ಕೊಟ್ಟರು, ರಾತ್ರಿ ನಿದ್ದೆ ಕೆಡಿಸಲಿಲ್ಲ, ನೀರು ಕುಡಿಸಿದರು, ಎಬ್ಬಿಸಿ ನಡೆಸಿದರು, ಇವತ್ತು ಯಾವ ದಿನ, ಎಲ್ಲಿದ್ದೀರಿ ಅಂತ ಹೇಳುತ್ತಿದ್ದರು. ನಮ್ಮ ಐಸಿಯುಗಳಲ್ಲಿ ಹತ್ತು ನಿಮಿಷದ ವಿಸಿಟಿಂಗ್, ರಾತ್ರಿಯಿಡೀ ಟ್ಯೂಬ್‌ಲೈಟ್!

ಆಪರೇಷನ್‌ಗೆ ಮುಂಚೆ ಅನಸ್ತೇಶಿಯಾ ಡಾಕ್ಟರಿಗೆ ಎಲ್ಲ ಹೇಳಿಬಿಡಿ: ಈಗಾಗಲೇ ಮರೆವಿದೆಯಾ, ನಿದ್ದೆ ಮಾತ್ರೆ ನುಂಗುತ್ತಾರಾ, ದಿನಾ ಎರಡು ಪೆಗ್ ಹಾಕುತ್ತಾರಾ. ಕೊನೆಯದನ್ನು ಮರ್ಯಾದೆಗೆ ಅಂಜಿ ಮುಚ್ಚಿಡುತ್ತೇವೆ. ಕುಡಿತ ಏಕಾಏಕಿ ನಿಂತರೂ ಡೆಲಿರಿಯಮ್ ಬರುತ್ತದೆ. ಐಸಿಯುನಲ್ಲಿ ಎಚ್ಚರವಾದ ತಕ್ಷಣ ಕನ್ನಡಕ, ಕಿವಿಯ ಯಂತ್ರ ಒಳಗೆ ಕಳಿಸಿ. ಹತ್ತು ನಿಮಿಷ ಸಿಕ್ಕರೆ ನೀವು ಯಾರು ಅಂತ ಹೇಳಿಕೊಂಡೇ ಮಾತು ಶುರು ಮಾಡಿ. ಮನೆಗೆ ಬಂದ ಮೇಲೂ ಕೆಲವು ತಿಂಗಳು ಅವರ ಮಾತ್ರೆ ಡಬ್ಬಿ, ಬ್ಯಾಂಕಿನ ಓಟಿಪಿ ಮೇಲೆ ಒಂದು ಕಣ್ಣಿಟ್ಟಿರಿ.